ಎರಡು ಪದ್ಮಶ್ರೀಗಳ ಅಂಕೋಲಾ

ಬೆಳಗಿನ ಹೊತ್ತು ಅಂಕೋಲಾ ಪೇಟೆಯಲ್ಲಿ ಇಳಿದವರ ಕಣ್ಣಿಗೆ ಮೊದಲು ಬೀಳುವವರು ತರಕಾರಿ ಮಾರುವ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರು. ಹಿರಿಯರದು ಇಂದಿಗೂ ಹಳೆಯ ಉಡುಗೆಯೇ: ರವಿಕೆಯಿಲ್ಲದೆ ಹೆಗಲ ಮೇಲೆ ಗಂಟು ಹಾಕಿ ಉಟ್ಟ ಸೀರೆ, ಕುತ್ತಿಗೆ ತುಂಬಿ ಎದೆಯವರೆಗೆ ಇಳಿದ ಮಣಿಸರಗಳು. ಬುಟ್ಟಿಯಲ್ಲಿ ಹರಿವೆ, ಬಸಳೆ. ಮೇ ತಿಂಗಳಾದರೆ ಕರಿ ಈಶಾಡು ಮಾವೂ ಉಂಟು. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಹಣ್ಣು ಇಲ್ಲಿಯವರ ಹೆಮ್ಮೆ.

ಉತ್ತರ ಕನ್ನಡದ ಈ ಕರಾವಳಿ ತಾಲ್ಲೂಕನ್ನು ಕರ್ನಾಟಕದ ಬಾರ್ಡೋಲಿ ಎಂದು ಕರೆಯುತ್ತಾರೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ಉಪ್ಪಿನ ಕಾನೂನು ಮುರಿಯಲಾಯಿತು. ಕರನಿರಾಕರಣೆಯ ಕಾಲದಲ್ಲಿ ರೈತರು ಮನೆ, ಜಮೀನು ಕಳೆದುಕೊಂಡರೂ ಬಗ್ಗಲಿಲ್ಲ. ಆ ಹಠ ಈ ಮಣ್ಣಿನಲ್ಲಿ ಉಳಿದುಕೊಂಡಿದೆ ಎನ್ನಲು ಶಾಲೆಯ ಮೆಟ್ಟಿಲು ಹತ್ತದ ಇಬ್ಬರು ಹಾಲಕ್ಕಿ ಹೆಂಗಸರ ಬದುಕೇ ಸಾಕ್ಷಿ.

ಮೊದಲನೆಯವರು ಬಡಗೇರಿಯ ಸುಕ್ರಿ ಬೊಮ್ಮಗೌಡ. ಊರಿಗೆಲ್ಲ ಸುಕ್ರಜ್ಜಿ. ನಾಟಿಯ ಹಾಡು, ಮದುವೆಯ ಹಾಡು, ಸುಗ್ಗಿಯ ಹಾಡು, ಹೀಗೆ ಸಾವಿರಾರು ಪದಗಳು ಅವರ ನಾಲಿಗೆಯ ತುದಿಯಲ್ಲಿದ್ದವು. ಹಾಲಕ್ಕಿ ಹೆಂಗಸರ ತಾರ್ಲೆ ಕುಣಿತಕ್ಕೆ ಮತ್ತೆ ಜೀವ ಬಂದದ್ದು ಅವರಿಂದ. ಆಕಾಶವಾಣಿ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿತು, ಜಾನಪದ ವಿದ್ವಾಂಸರು ಅವರ ಜಗಲಿ ಹುಡುಕಿಕೊಂಡು ಬಂದರು. 2017ರಲ್ಲಿ ಪದ್ಮಶ್ರೀಯೂ ಬಂತು.

ಆದರೆ ಅವರನ್ನು ಬರೀ ಹಾಡುಗಾರ್ತಿ ಎಂದರೆ ಅರ್ಧ ಮಾತಾಗುತ್ತದೆ. ಎಳೆಯ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದರು. ಸಾಕಿದ ಮಗನನ್ನು ಕುಡಿತ ಕಸಿದುಕೊಂಡಿತು. ಕೊಟ್ಟೆ ಸಾರಾಯಿ ಆಗ ಹಾಲಕ್ಕಿ ಕೊಪ್ಪಗಳ ಒಳಗೇ ನುಗ್ಗಿತ್ತು. ದಿನವಿಡೀ ದುಡಿದ ಕೂಲಿ ಸಂಜೆ ಮನೆಗೆ ಬರುವಷ್ಟರಲ್ಲಿ ಕರಗಿಹೋಗುತ್ತಿತ್ತು. ಸುಕ್ರಜ್ಜಿ ತಮ್ಮ ದುಃಖವನ್ನು ಮನೆಯೊಳಗೆ ಮುಚ್ಚಿಡಲಿಲ್ಲ. ಹೊನ್ನಾವರದ ಕಾಸರಕೋಡಿನಲ್ಲಿ ಸ್ನೇಹಕುಂಜ ಕಟ್ಟಿದ ಡಾ. ಕುಸುಮಾ ಸೊರಬರಂಥವರ ಜೊತೆ ನಿಂತು, ಸಾರಾಯಿ ವಿರೋಧಿ ಹೋರಾಟಕ್ಕೆ ಹೆಂಗಸರನ್ನು ಕೂಡಿಸಿದರು. ಭಾಷಣ ಬಾರದ ಹೆಂಗಸರಿಗೆ ಹಾಡು ಬರುತ್ತಿತ್ತಲ್ಲ, ಅದೇ ಅವರ ಬಲ. ರಾಜ್ಯ ಸರ್ಕಾರ ಸಾರಾಯಿಯನ್ನು ಪೂರ್ತಿಯಾಗಿ ನಿಷೇಧಿಸಿದ್ದು 2007ರ ಜುಲೈಯಲ್ಲಿ. ಅಂಕೋಲಾದ ಹೆಂಗಸರು ಅದಕ್ಕೂ ಎಷ್ಟೋ ಮೊದಲೇ ಬೀದಿಗೆ ಇಳಿದಿದ್ದರು.

ಹುಬ್ಬಳ್ಳಿ ರಸ್ತೆ ಹಿಡಿದು ಘಟ್ಟದ ಕಡೆ ಹೊರಟರೆ ಅಗಸೂರಿನ ಹತ್ತಿರ ಹೊನ್ನಳ್ಳಿ ಸಿಗುತ್ತದೆ. ಎರಡನೆಯವರಾದ ತುಳಸಿ ಗೌಡರ ಊರು ಅದು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಅವರು ಅವ್ವನ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋದರು. ದಿನಗೂಲಿಯಾಗಿ ದಶಕಗಳ ಕಾಲ ದುಡಿದ ಮೇಲೆ ನೌಕರಿ ಕಾಯಂ ಆಯಿತು.

ನರ್ಸರಿಯ ಕೆಲಸ ನೋಡಲು ಸುಲಭ, ಮಾಡಲು ಕಷ್ಟ. ಕಾಡುಮರದ ಬೀಜ ಎಲ್ಲೆಂದರಲ್ಲಿ ಹೆಕ್ಕಿ ತಂದರೆ ಗಿಡವಾಗುವುದಿಲ್ಲ. ಒಂದೇ ಜಾತಿಯ ಹತ್ತಾರು ಮರಗಳ ನಡುವೆ ತಾಯಿಮರ ಯಾವುದೆಂದು ಗುರುತಿಸಬೇಕು. ಅದರ ಬೀಜ ಬಲಿಯುವ ಹದ ಗೊತ್ತಿರಬೇಕು. ನಾಲ್ಕು ದಿನ ಮೊದಲಾದರೆ ಎಳಸು, ತಡವಾದರೆ ಹುಳ ಹಿಡಿದಿರುತ್ತದೆ. ಯಾವ ಬೀಜವನ್ನು ನೆನೆಸಬೇಕು, ಯಾವುದನ್ನು ಹಾಗೆಯೇ ಬಿತ್ತಬೇಕು ಎಂಬುದೂ ಜಾತಿಯಿಂದ ಜಾತಿಗೆ ಬೇರೆ. ಇದೆಲ್ಲ ತುಳಸಜ್ಜಿಗೆ ಕಣ್ಣಿನಲ್ಲಿ, ಕೈಯಲ್ಲಿ ಇತ್ತು. ಅರಣ್ಯಾಧಿಕಾರಿಯಾಗಿದ್ದ ಅ.ನ. ಯಲ್ಲಪ್ಪ ರೆಡ್ಡಿ ಈ ತಿಳಿವಳಿಕೆಯನ್ನು ಗುರುತಿಸಿ ಗೌರವಿಸಿದವರಲ್ಲಿ ಒಬ್ಬರು. ಡಿಗ್ರಿ ಪಡೆದವರು ಕೂಲಿ ಹೆಂಗಸಿನ ಮುಂದೆ ನಿಂತು ಕಲಿಯುವುದು ನಮ್ಮಲ್ಲಿ ಅಪರೂಪ. ಹೊನ್ನಳ್ಳಿಯಲ್ಲಿ ಅದು ನಡೆಯಿತು. 1986ರಲ್ಲಿ ತುಳಸಜ್ಜಿಗೆ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ ಸಂದಿತು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ, ಹಾಲಕ್ಕಿ ಉಡುಗೆಯಲ್ಲೇ ರಾಷ್ಟ್ರಪತಿ ಭವನದಲ್ಲಿ ಅವರು ಪದ್ಮಶ್ರೀ ಸ್ವೀಕರಿಸಿದ್ದನ್ನು ಇಡೀ ದೇಶ ನೋಡಿತು.

ತುಳಸಿ ಗೌಡ 2024ರ ಡಿಸೆಂಬರ್ 16ರಂದು ತೀರಿಕೊಂಡರು. ಎರಡು ತಿಂಗಳೂ ತುಂಬಿರಲಿಲ್ಲ, 2025ರ ಫೆಬ್ರವರಿ 13ರಂದು ಸುಕ್ರಜ್ಜಿಯೂ ಹೊರಟರು.

ಅಂಕೋಲಾಕ್ಕೆ ಈಗ ಬೇಕಾಗಿರುವುದು ಪ್ರತಿಮೆಗಳಿಗಿಂತ ಹೆಚ್ಚಿನದು. ತಾಯಿಮರ ಗುರುತಿಸುವ ವಿದ್ಯೆಯನ್ನು ಅರಣ್ಯ ಇಲಾಖೆ ಹೊಸ ನರ್ಸರಿ ಕೆಲಸಗಾರರಿಗೆ ಕಲಿಸಲಿ. ಸುಕ್ರಜ್ಜಿಯ ಧ್ವನಿಮುದ್ರಣಗಳು ತಾಲ್ಲೂಕಿನ ಶಾಲೆಗಳಲ್ಲಿ ಮಕ್ಕಳ ಕಿವಿಗೆ ಬೀಳಲಿ. ಇನ್ನೊಂದು ಮಾತಂತೂ ತೀರಾ ಹಳೆಯದು: ಹಾಲಕ್ಕಿ ಒಕ್ಕಲಿಗರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಸುಕ್ರಜ್ಜಿ ವೇದಿಕೆ ಸಿಕ್ಕಾಗಲೆಲ್ಲ ಕೇಳುತ್ತಿದ್ದರು. ಇಬ್ಬರಿಗೂ ಪದಕ ತೊಡಿಸಿದ ಸರ್ಕಾರ ಆ ಕೋರಿಕೆಗೂ ಉತ್ತರ ಕೊಡಬೇಕು.