ಮುಖ ಎಲ್ಲರಿಗೂ ಗೊತ್ತು, ಫೋಟೋ ತೆಗೆದವರು ಯಾರಿಗೆ ಗೊತ್ತು?

ಗಾಂಧಿಬಜಾರಿನಲ್ಲಿ ಒಂದು ಸುತ್ತು ಹಾಕಿ ಬನ್ನಿ. ಆಟೋದ ಹಿಂದೆ ಪುನೀತ್. ಹೂವಿನ ಅಂಗಡಿಯ ಕಂಬದ ಮೇಲೆ ಪುನೀತ್. ದರ್ಶಿನಿಯ ಕ್ಯಾಶ್ ಕೌಂಟರ್ ಹಿಂದೆ, ದೇವರ ಪಟಗಳ ಪಕ್ಕದಲ್ಲೇ ಪುನೀತ್. 2021ರ ಅಕ್ಟೋಬರ್ 29ರ ನಂತರ ಆ ನಗು ಈ ಊರಿನ ಗೋಡೆಗಳಿಂದ ಇಳಿದೇ ಇಲ್ಲ. ಈಗ ನಾನೊಂದು ಪ್ರಶ್ನೆ ಕೇಳ್ತೀನಿ, ಬೇಜಾರಾಗಬೇಡಿ. ಆ ಫೋಟೋ ತೆಗೆದವರು ಯಾರು? ಆ ಕ್ಷಣದಲ್ಲಿ ಕ್ಯಾಮೆರಾದ ಹಿಂದೆ ನಿಂತು, 'ಈಗ' ಅಂತ ಬಟನ್ ಒತ್ತಿದ ಕೈ ಯಾರದ್ದು?

ಗೊತ್ತಿಲ್ಲ ಅಲ್ವಾ? ಅಭಿಮಾನಿಗಳಿಗೂ ಗೊತ್ತಿಲ್ಲ, ಬ್ಯಾನರ್ ಪ್ರಿಂಟ್ ಮಾಡಿದವನಿಗೂ ಗೊತ್ತಿಲ್ಲ. ಮುಖ ಕೋಟಿ ಜನರಿಗೆ ಗೊತ್ತು, ಆ ಮುಖವನ್ನು ನಮಗೆ ಕೊಟ್ಟವರು ನಾಲ್ಕು ಜನರಿಗೂ ಗೊತ್ತಿಲ್ಲ. ಇವತ್ತು ಆ ಜನರ ಬಗ್ಗೆ ಮಾತಾಡೋಣ.

ಇದಕ್ಕೊಂದು ಕಾರಣ ಇದೆ. ಕೆಲವು ದಿನಗಳ ಹಿಂದೆ ಮಲ್ಲೇಶ್ವರದ ಒಬ್ಬ ತಂದೆ ಫೋನ್ ಮಾಡಿದ್ದರು. "ಮಗ ಇಂಜಿನಿಯರಿಂಗ್ ಎರಡನೇ ವರ್ಷ ಸಾರ್. ಬಿಟ್ಟುಬಿಡ್ತೀನಿ, ಸೆಲೆಬ್ರಿಟಿ ಫೋಟೋಗ್ರಾಫರ್ ಆಗ್ತೀನಿ ಅಂತಾನೆ. ಅದೂ ಒಂದು ಕೆಲಸಾನಾ?" ಅಂದರು. ದನಿಯಲ್ಲಿ ಸಿಟ್ಟಿಗಿಂತ ಭಯ ಜಾಸ್ತಿ ಇತ್ತು. ಈ ಪ್ರಶ್ನೆ ಅವರೊಬ್ಬರದ್ದಲ್ಲ, ನೂರಾರು ಮನೆಗಳಲ್ಲಿ ಇದೆ. ಹಾಗಾಗಿ ಉತ್ತರವನ್ನು ಎಲ್ಲರೆದುರೇ ಕೊಡ್ತೀನಿ.

ಮೊದಲು ನಮ್ಮವರ ಕಥೆ. ಮೈಸೂರಿನ ಟಿ.ಎಸ್. ಸತ್ಯನ್. ಹುಟ್ಟಿದ್ದು 1923ರಲ್ಲಿ. ಮಹಾರಾಜ ಕಾಲೇಜಿನಲ್ಲಿ ಓದಿ 1944ರಲ್ಲಿ ಪದವಿ ಪಡೆದರು. ಆ ಕಾಲಕ್ಕೆ ಪದವೀಧರ ಅಂದರೆ ಸರ್ಕಾರಿ ಕೆಲಸ ಕಾದು ಕೂತಿರುತ್ತಿತ್ತು. ಇವರು ಹಿಡಿದಿದ್ದು ಕ್ಯಾಮೆರಾ. 1948ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಶುರುವಾದಾಗ ಅದರ ಫೋಟೋಗ್ರಾಫರ್ ಆದರು. ಆಮೇಲೆ ಇಲ್ಲಸ್ಟ್ರೇಟೆಡ್ ವೀಕ್ಲಿ. ಅಲ್ಲಿಂದ ಮುಂದೆ ಯಾರ ನೌಕರನೂ ಅಲ್ಲ, ಸ್ವತಂತ್ರ ಛಾಯಾಗ್ರಾಹಕ. ಲೈಫ್, ಟೈಮ್‌ನಂಥ ಅಮೆರಿಕದ ಪತ್ರಿಕೆಗಳಲ್ಲಿ ಇವರ ಚಿತ್ರಗಳು ಬಂದವು. ನೆಹರೂ ಇವರ ಕ್ಯಾಮೆರಾಗೆ ಸಿಕ್ಕರು, ಆರ್.ಕೆ. ನಾರಾಯಣ್ ಸಿಕ್ಕರು. 1977ರಲ್ಲಿ ಪದ್ಮಶ್ರೀ ಬಂತು. 1979, ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಸತ್ಯನ್ ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ಯುನಿಸೆಫ್ ಏರ್ಪಡಿಸಿತು. 2009ರ ಡಿಸೆಂಬರ್‌ನಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಗಮನಿಸಿ. ಪ್ರಧಾನಿಯ ಫೋಟೋ ತೆಗೆದ ಅದೇ ಕಣ್ಣು ಹೆಸರಿಲ್ಲದ ಹಳ್ಳಿ ಮಕ್ಕಳನ್ನೂ ನೋಡಿತು. ಸೆಲೆಬ್ರಿಟಿಯ ಹಿಂದೆ ಓಡಿದ್ದರಿಂದ ಸತ್ಯನ್ ದೊಡ್ಡವರಾಗಲಿಲ್ಲ. ಎದುರಿಗೆ ಯಾರೇ ಇರಲಿ, ಮನುಷ್ಯನನ್ನು ನೋಡೋದು ಅವರಿಗೆ ಗೊತ್ತಿತ್ತು. ಈ ಕಸುಬಿನ ಮೊದಲ ಪಾಠವೇ ಇದು.

ಇನ್ನು ಇವತ್ತಿನ ಗ್ಲಾಮರ್ ಲೋಕಕ್ಕೆ ಬರೋಣ. ಇದರ ಎಳೆ ಮಲ್ಲೇಶ್ವರದಲ್ಲೇ ಇದೆ! ಅಲ್ಲಿ ಕೆನರಾ ಯೂನಿಯನ್ ಇದೆ. ಅದರ ಮದುವೆ ಹಾಲ್ ಖಾಲಿ ಇದ್ದಾಗ ಅಲ್ಲೇ ಬ್ಯಾಡ್ಮಿಂಟನ್ ಆಡಿ ಬೆಳೆದ ಹುಡುಗ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಅವರ ಮಗಳು ದೀಪಿಕಾ ಕೂಡ ರಾಕೆಟ್ ಹಿಡಿದವರೇ. ಆಟ ಬಿಟ್ಟು ಮಾಡೆಲಿಂಗ್‌ಗೆ ಬಂದರು. 2006ರ ಕಿಂಗ್‌ಫಿಶರ್ ಕ್ಯಾಲೆಂಡರ್‌ನಲ್ಲಿ ಕಾಣಿಸಿಕೊಂಡರು. ಅದೇ ವರ್ಷ ಇಂದ್ರಜಿತ್ ಲಂಕೇಶ್ ನಿರ್ದೇಶನದ ಕನ್ನಡ ಚಿತ್ರ 'ಐಶ್ವರ್ಯ', ಉಪೇಂದ್ರ ಜೊತೆ. 2007ರ ನವೆಂಬರ್‌ನಲ್ಲಿ 'ಓಂ ಶಾಂತಿ ಓಂ'. ಮುಂದಿನದ್ದು ನಿಮಗೇ ಗೊತ್ತು.

ಕ್ಯಾಲೆಂಡರ್ ಒಂದರಿಂದಲೇ ಸ್ಟಾರ್ ಆದರು ಅಂತ ನಾನು ಹೇಳ್ತಿಲ್ಲ. ಆದರೆ ಸಿನಿಮಾದವರಿಗೆ ಹೊಸ ಮುಖ ಮೊದಲು ಕಾಣಿಸೋದೇ ಫೋಟೋದಲ್ಲಿ. ಬೆಂಗಳೂರಿನ ಯುಬಿ ಗ್ರೂಪ್ 2003ರಲ್ಲಿ ಶುರು ಮಾಡಿದ ಆ ಕ್ಯಾಲೆಂಡರ್‌ನ ಫೋಟೋಗ್ರಾಫರ್ ಅತುಲ್ ಕಸ್ಬೇಕರ್. ಮುಂಬೈನವರು. ಏನು ಓದುತ್ತಿದ್ದರು ಗೊತ್ತಾ? ಕೆಮಿಕಲ್ ಇಂಜಿನಿಯರಿಂಗ್! ನಡುವೆಯೇ ಬಿಟ್ಟು ಅಮೆರಿಕಕ್ಕೆ ಹೋಗಿ ಬ್ರೂಕ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಫೋಟೋಗ್ರಫಿ ಕಲಿತರು. ಮುಂದೆ ಸೆಲೆಬ್ರಿಟಿಗಳ ವ್ಯವಹಾರ ನೋಡಿಕೊಳ್ಳೋ ಕಂಪನಿ ಕಟ್ಟಿದರು, 2016ರ 'ನೀರ್ಜಾ' ಚಿತ್ರದ ನಿರ್ಮಾಪಕರಲ್ಲಿ ಒಬ್ಬರಾದರು.

ಅವರಿಗಿಂತ ಹಿಂದಿನ ತಲೆಮಾರಿನವರು ಗೌತಮ್ ರಾಜಾಧ್ಯಕ್ಷ. ಇವರು ಓದಿದ್ದೂ ಕೆಮಿಸ್ಟ್ರಿಯೇ. ಲಿಂಟಾಸ್ ಜಾಹೀರಾತು ಕಂಪನಿಯಲ್ಲಿ ಕೆಲಸಕ್ಕಿದ್ದವರು 1980ರ ಹೊತ್ತಿಗೆ ತಾರೆಯರ ಫೋಟೋ ತೆಗೆಯೋಕೆ ಶುರು ಮಾಡಿದರು. ಆಗೆಲ್ಲ ಸಿನಿಮಾ ಪತ್ರಿಕೆ ಅಂದರೆ ಗಾಢ ಬಣ್ಣ, ಕಣ್ಣು ಕುಕ್ಕುವ ಬೆಳಕು. ಗೌತಮ್ ಬೆಳಕನ್ನು ಮೃದು ಮಾಡಿದರು. ತಾರೆ ಮನೆಯ ಹೆಣ್ಣುಮಗಳ ಹಾಗೆ ಕಾಣಿಸತೊಡಗಿದಳು. ಲತಾ ಮಂಗೇಶ್ಕರ್ ಅವರಿಂದ ಹಿಡಿದು ಹೊಸ ನಾಯಕಿಯರ ತನಕ ಎಲ್ಲರೂ ಇವರನ್ನು ನಂಬಿ ಎದುರು ಕೂತರು. 1997ರಲ್ಲಿ 'ಫೇಸಸ್' ಅನ್ನೋ ಪುಸ್ತಕ ಬಂತು. 2011ರಲ್ಲಿ ತೀರಿಕೊಂಡಾಗ ಇನ್ನೂ ಅರವತ್ತು.

ಹಾಗಾದರೆ ಇಂಜಿನಿಯರಿಂಗ್ ಬಿಟ್ಟವರೆಲ್ಲ ಕಸ್ಬೇಕರ್ ಆಗ್ತಾರಾ? ಇಲ್ಲ. ಅದಕ್ಕೇ ಈ ಕೆಲಸ ನಡೆಯೋದು ಹೇಗೆ ಅನ್ನೋದನ್ನು ಬಿಡಿಸಿ ಹೇಳ್ತೀನಿ.

ಮೊದಲನೆಯದು ಕಲೆ. ನಿಮ್ಮ ಮೊಬೈಲನ್ನು ಮುಖದ ಹತ್ತಿರ ಹಿಡಿದು ಫೋಟೋ ತೆಗೆಯಿರಿ. ಮೂಗು ದಪ್ಪ, ಕಿವಿ ಸಣ್ಣ. ಯಾಕೆ? ತಪ್ಪು ಮೂಗಿನದ್ದಲ್ಲ, ದೂರದ್ದು. ಮೊಬೈಲಿನ ಲೆನ್ಸ್ ಅಗಲವಾಗಿ ನೋಡುತ್ತೆ, ಮುಖ ತುಂಬಬೇಕಾದರೆ ನೀವು ತೀರಾ ಹತ್ತಿರ ಹೋಗಬೇಕು. ಹತ್ತಿರ ಹೋದಾಗ ಮುಂದಿರೋ ಮೂಗು ಹಿಗ್ಗುತ್ತೆ. ಪೋರ್ಟ್ರೇಟ್ ತೆಗೆಯುವವರು 85 ಎಂಎಂ ಅಥವಾ ಅದಕ್ಕಿಂತ ಉದ್ದದ ಲೆನ್ಸ್ ಹಾಕಿ ಆರೇಳು ಅಡಿ ಹಿಂದೆ ನಿಲ್ಲೋದು ಅದಕ್ಕೇ. ಆಮೇಲೆ ಬೆಳಕು. ಕಿಟಕಿ ಪಕ್ಕದಲ್ಲಿ ಕೂರಿಸಿ, ಇನ್ನೊಂದು ಕಡೆಯಿಂದ ಬಿಳಿ ಥರ್ಮಾಕೋಲ್ ಹಿಡಿದರೆ ಅರ್ಧ ಸ್ಟುಡಿಯೋ ಸಿದ್ಧ. ಕಣ್ಣಿನ ಗುಡ್ಡೆಯಲ್ಲಿ ಆ ಬೆಳಕಿನ ಚುಕ್ಕೆ ಮಿಂಚಬೇಕು. ಅದಿಲ್ಲದಿದ್ದರೆ ಎಂಥಾ ಸುಂದರಿಯ ಕಣ್ಣೂ ಸತ್ತ ಹಾಗೆ ಕಾಣುತ್ತೆ. ಹಿಂದೆ ನಮ್ಮ ಬಡಾವಣೆಗಳ ಸ್ಟುಡಿಯೋಗಳಲ್ಲಿ ಗಂಡಿನ ಕಡೆಯವರಿಗೆ ಕಳಿಸೋ ಫೋಟೋಗೆ "ಸ್ವಲ್ಪ ಗದ್ದ ಕೆಳಗೆ ಮಾಡಮ್ಮ, ಇಲ್ಲಿ ನೋಡು" ಅನ್ನುತ್ತಿದ್ದರಲ್ಲ, ಅವರಿಗೆ ಈ ಶಾಸ್ತ್ರ ಎಲ್ಲಾ ಗೊತ್ತಿತ್ತು.

ಎರಡನೆಯದು ದುಡ್ಡು. ಪತ್ರಿಕೆಯ ಮುಖಪುಟದಿಂದ ಹೆಸರು ಬರುತ್ತೆ, ದುಡ್ಡು ಕಮ್ಮಿ. ಜಾಹೀರಾತಿನಿಂದ ದುಡ್ಡು ಬರುತ್ತೆ, ಹೆಸರು ಬರಲ್ಲ. ಸೋಪಿನ ಹೋರ್ಡಿಂಗ್ ಮೇಲೆ ಫೋಟೋಗ್ರಾಫರ್ ಹೆಸರು ಎಲ್ಲಾದರೂ ನೋಡಿದ್ದೀರಾ? ಹೀಗಾಗಿ ಒಂದರಿಂದ ಹೆಸರು ಗಳಿಸಿ ಇನ್ನೊಂದರಲ್ಲಿ ಹೊಟ್ಟೆ ಹೊರೆಯಬೇಕು. ಒಂದು ದಿನದ ಶೂಟಿಂಗ್‌ಗೆ ಬಂದ ಹಣ ಒಬ್ಬರದ್ದೂ ಅಲ್ಲ. ಮೇಕಪ್, ಕೂದಲು, ಬಟ್ಟೆ, ಲೈಟ್ ಬಾಡಿಗೆ, ಸಹಾಯಕರು, ಆಮೇಲೆ ಕಂಪ್ಯೂಟರ್‌ನಲ್ಲಿ ಚಿತ್ರ ತಿದ್ದುವವರು, ಎಲ್ಲರಿಗೂ ಪಾಲು. ಬಿಲ್ ಕಳಿಸಿದ ಮೇಲೆ ಹಣ ಬರೋದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಮೊದಲ ವರ್ಷಗಳು ಇನ್ನೊಬ್ಬರ ಕೆಳಗೆ ಲೈಟ್ ಸ್ಟ್ಯಾಂಡ್ ಹೊರೋದೇ ಆಗಿರುತ್ತೆ. ಆ ಹೊರೆ ಹೊರೋಕೆ ತಯಾರಿಲ್ಲದವರು ಈ ಕಡೆ ಬರಬಾರದು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹಕ್ಕು. ಫೋಟೋ ಯಾರದ್ದು? ಫೋಟೋದಲ್ಲಿ ಇರೋರದ್ದಾ, ತೆಗೆದವರದ್ದಾ, ದುಡ್ಡು ಕೊಟ್ಟವರದ್ದಾ? ನಮ್ಮಲ್ಲಿ ಇದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಫೋಟೋ ತೆಗೆದವನೇ ಅದರ ಕರ್ತೃ ಅಂತ ಕಾಯ್ದೆ ಹೇಳುತ್ತೆ. ಆದರೆ 17ನೇ ಸೆಕ್ಷನ್‌ನಲ್ಲಿ ಒಂದು ತಿರುವು ಇದೆ. ಯಾರಾದರೂ ಹೇಳಿ, ದುಡ್ಡು ಕೊಟ್ಟು ಫೋಟೋ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಮಾಲೀಕ ದುಡ್ಡು ಕೊಟ್ಟವನು. ಪತ್ರಿಕೆಯ ನೌಕರನಾಗಿ ತೆಗೆದಿದ್ದರೆ, ಪತ್ರಿಕೆಯಲ್ಲಿ ಪ್ರಕಟಿಸೋ ಹಕ್ಕು ಪತ್ರಿಕೆಯದ್ದು, ಉಳಿದ ಹಕ್ಕು ತೆಗೆದವನದ್ದು. ಅದೂ ಬೇರೆ ಒಪ್ಪಂದ ಇಲ್ಲದಿದ್ದರೆ. ಯಾರ ಆರ್ಡರೂ ಇಲ್ಲದೆ ತಾನಾಗಿಯೇ ತೆಗೆದಿದ್ದರೆ ಪೂರ್ತಿ ಅವನದ್ದೇ. ಹಿಂದೆ ಫೋಟೋದ ಹಕ್ಕು ಪ್ರಕಟವಾದಾಗಿನಿಂದ 60 ವರ್ಷ ಮಾತ್ರ ಇರುತ್ತಿತ್ತು. 2012ರ ತಿದ್ದುಪಡಿ ಆದ ಮೇಲೆ ಸಾಹಿತಿಗಳ ಕೃತಿಗಿದ್ದ ಹಾಗೆಯೇ, ತೆಗೆದವರ ಜೀವಮಾನ ಮತ್ತು ಅವರು ತೀರಿಕೊಂಡ ನಂತರ 60 ವರ್ಷ. ಅಂದರೆ ಇದು ಮೊಮ್ಮಕ್ಕಳಿಗೂ ಬಾಳುವ ಆಸ್ತಿ.

ಇನ್ನೊಂದು ಸೆಕ್ಷನ್ ಇದೆ, 57. ಹಕ್ಕನ್ನೆಲ್ಲ ಮಾರಿದ ಮೇಲೂ 'ಇದನ್ನು ತೆಗೆದವನು ನಾನು' ಅಂತ ಹೇಳಿಕೊಳ್ಳೋ ಅಧಿಕಾರ ಕರ್ತೃವಿಗೇ ಉಳಿಯುತ್ತೆ. ಇದನ್ನು ನೆನಪಿಟ್ಟುಕೊಳ್ಳಿ. ದುಡ್ಡು ಕೊಟ್ಟವರು ಫೋಟೋ ಕೊಳ್ಳಬಹುದು, ತೆಗೆದವರ ಹೆಸರನ್ನು ಕೊಳ್ಳೋಕಾಗಲ್ಲ.

ಕಾನೂನಿನ ಪುಸ್ತಕದಲ್ಲಿ ಹೀಗಿದೆ. ರಸ್ತೆಯಲ್ಲಿ? ಒಬ್ಬ ನಟ ತೀರಿಕೊಂಡ ದಿನ ನೋಡಿ. ಹತ್ತು ನಿಮಿಷದಲ್ಲಿ ಅದೇ ಫೋಟೋ ಎಲ್ಲಾ ಚಾನೆಲ್‌ಗಳಲ್ಲಿ, ಎಲ್ಲಾ ವಾಟ್ಸಾಪ್ ಗ್ರೂಪ್‌ಗಳಲ್ಲಿ, ರಾತ್ರಿ ಹೊತ್ತಿಗೆ ಫ್ಲೆಕ್ಸ್‌ನಲ್ಲಿ. ಮೂಲೆಯಲ್ಲಿ ಯಾರದ್ದೋ ಹೆಸರಿದ್ದರೆ ಅದನ್ನು ಕತ್ತರಿಸಿ, ಹಂಚಿದವರ ಹೆಸರು ಅಂಟಿಸಿರುತ್ತಾರೆ! ಹಳೇ ಕನ್ನಡ ಸಿನಿಮಾಗಳ ಸ್ಥಿರಚಿತ್ರಗಳ ಗತಿಯೂ ಅಷ್ಟೇ. ಮೆಜೆಸ್ಟಿಕ್ ಥಿಯೇಟರುಗಳ ಗಾಜಿನ ಪೆಟ್ಟಿಗೆಯಲ್ಲಿ ಹಾಕುತ್ತಿದ್ದರಲ್ಲ, ನಾವು ಟಿಕೆಟ್ ಸಿಗದಿದ್ದರೂ ನಿಂತು ನೋಡುತ್ತಿದ್ದ ಫೋಟೋಗಳು, ಅವುಗಳ ನೆಗೆಟಿವ್ ಎಷ್ಟು ಉಳಿದಿವೆ? ಫಿಲಂಗೆ ತೇವ, ಶಾಖ ಎರಡೂ ಶತ್ರು. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಂಟಿಕೊಂಡು, ಬೂಷ್ಟು ಹಿಡಿದು ಹೋಗುತ್ತೆ. ಅದರ ಜೊತೆಗೆ ನಾಡಿನ ನೆನಪಿನ ಒಂದು ತುಂಡೂ ಹೋಗುತ್ತೆ.

ಹಾಗಾಗಿ ಆ ತಂದೆಗೆ, ಅಂಥ ಎಲ್ಲಾ ಅಪ್ಪ ಅಮ್ಮಂದಿರಿಗೆ ನನ್ನ ಉತ್ತರ ಇದು. ಹೌದು, ಇದು ಕೆಲಸ. ಕಷ್ಟದ ಕೆಲಸ. ಆದರೆ ಎರಡು ವರ್ಷ ಓದಿದ ಡಿಗ್ರಿ ಬಿಟ್ಟು ಬರಬೇಕಾದ ಅವಸರ ಇಲ್ಲ. ಭಾನುವಾರಗಳು ಇವೆ, ರಜೆಗಳು ಇವೆ. ಮಗನಿಗೆ ಹೇಳಿ, ಮಲ್ಲೇಶ್ವರದ ಮಾರ್ಕೆಟ್ಟಿಗೆ ಹೋಗಿ ಹೂ ಮಾರುವ ನೂರು ಜನರ ಮುಖ ತೆಗೆಯಲಿ. ಅವರನ್ನು ಕೇಳಿ ತೆಗೆಯಲಿ, ಪ್ರಿಂಟ್ ಹಾಕಿಸಿ ವಾಪಸ್ ಕೊಡಲಿ. ಅಪರಿಚಿತರೊಬ್ಬರು ಇವನನ್ನು ನಂಬಿ ನಕ್ಕರೆ, ನಾಳೆ ಸ್ಟಾರ್ ಕೂಡ ನಂಬುತ್ತಾರೆ. ಒಂದು ವರ್ಷ ಹೀಗೆ ಮಾಡಿದ ಮೇಲೂ ಹಸಿವು ಉಳಿದಿದ್ದರೆ, ತಡೆಯಬೇಡಿ. ಕೆಲಸ ಶುರು ಮಾಡಿದ ಮೇಲೆ, ಎಷ್ಟೇ ಸಣ್ಣ ಆರ್ಡರ್ ಇರಲಿ, ಒಂದು ಪುಟದ ಒಪ್ಪಂದ ಬರೆಸಿಕೊಳ್ಳಲಿ. ಫೋಟೋ ಎಲ್ಲಿ ಬಳಸ್ತಾರೆ, ಎಷ್ಟು ಕಾಲ, ಹೆಸರು ಹಾಕ್ತಾರಾ ಇಲ್ವಾ, ಮೂರೇ ಸಾಲು ಸಾಕು. ಮೂಲ ಫೈಲ್‌ಗಳನ್ನು ಎರಡು ಮೂರು ಕಡೆ ಇಟ್ಟುಕೊಳ್ಳಲಿ.

ಇನ್ನು ನಮ್ಮ ನಿಮ್ಮ ಕೆಲಸ ಸಣ್ಣದು. ಇಷ್ಟದ ನಟನ ಫೋಟೋ ಹಂಚೋ ಮೊದಲು ಮೂಲೆಯಲ್ಲಿ ಹೆಸರಿದೆಯಾ ನೋಡಿ. ಇದ್ದರೆ ಕತ್ತರಿಸಬೇಡಿ. ಇಲ್ಲದಿದ್ದರೆ 'ಯಾರು ತೆಗೆದಿದ್ದು?' ಅಂತ ಒಂದು ಸಲ ಕೇಳಿ. ಮನೆ ಅಟ್ಟದಲ್ಲಿ ತಾತನೋ ಚಿಕ್ಕಪ್ಪನೋ ಬಿಟ್ಟುಹೋದ ನೆಗೆಟಿವ್ ಡಬ್ಬ ಇದ್ದರೆ ಈ ಭಾನುವಾರ ಇಳಿಸಿ, ಒರೆಸಿ, ಒಣ ಜಾಗದಲ್ಲಿಡಿ. ಕವರಿನ ಮೇಲೆ ತೆಗೆದವರ ಹೆಸರು, ವರ್ಷ ಬರೆದಿಡಿ. ಎರಡು ನಿಮಿಷದ ಕೆಲಸ, ಇವತ್ತೇ ಮಾಡಿ.