ಅನಂತಗಿರಿ: ಎರಡು ನದಿಗಳ ತವರು

ತಾಂಡೂರು, ಜಹೀರಾಬಾದ್, ನಾರಾಯಣಖೇಡ ಕಡೆಯವರಿಗೆ ಸಮುದ್ರ ಬಲು ದೂರ. ಬಿಸಿಲು, ತೊಗರಿ ಹೊಲ, ಕಲ್ಲುಗಣಿಗಳ ಈ ಸೀಮೆಯಲ್ಲಿ ನಾಲ್ಕು ಮಂದಿ ಸೇರಿ ತಂಪು ಹುಡುಕಿಕೊಂಡು ಹೊರಟರೆ ಥಟ್ಟನೆ ನೆನಪಾಗುವ ಹೆಸರು ಅನಂತಗಿರಿ. ತಾಂಡೂರಿನಿಂದ ಹೈದರಾಬಾದ್ ದಿಕ್ಕಿಗೆ ಹೋದರೆ ವಿಕಾರಾಬಾದ್. ಅಲ್ಲಿಂದ ಐದಾರು ಕಿಲೋಮೀಟರ್‌ ದೂರದಲ್ಲಿ ಕಾಡು ಶುರುವಾಗುತ್ತದೆ.

ಬೆಟ್ಟದ ಮೊದಲ ಯಾತ್ರಿಕರು ದೇವರನ್ನು ಅರಸಿ ಬಂದವರು. ಅನಂತ ಪದ್ಮನಾಭಸ್ವಾಮಿ ಗುಡಿಯ ಸ್ಥಳಪುರಾಣದ ಪ್ರಕಾರ ಇಲ್ಲಿ ತಪಸ್ಸಿಗೆ ಕೂತಿದ್ದ ಮಾರ್ಕಂಡೇಯ ಋಷಿ ಗುಹೆಯೊಂದರ ದಾರಿಯಲ್ಲಿ ದಿನವೂ ಕಾಶಿಗೆ ಹೋಗಿ ಗಂಗಾಸ್ನಾನ ಮಾಡುತ್ತಿದ್ದರಂತೆ. ಒಂದು ದ್ವಾದಶಿಯ ಮುಂಜಾವು ಅದು ತಪ್ಪಿಹೋಗುವಂತಾದಾಗ ಸ್ವಾಮಿಯೇ ಗಂಗೆಯನ್ನು ಇಲ್ಲಿಗೆ ತಂದನಂತೆ. ಗುಡಿಯ ಕೆಳಗಿನ ಪುಷ್ಕರಿಣಿಗೆ ಜನ ಇಂದಿಗೂ ಆ ನಂಬಿಕೆಯಿಂದಲೇ ಇಳಿಯುತ್ತಾರೆ. ಆಷಾಢದಲ್ಲಿ ಚಿಕ್ಕ ಜಾತ್ರೆ, ಕಾರ್ತಿಕದಲ್ಲಿ ದೊಡ್ಡ ಜಾತ್ರೆ.

ಪುರಾಣ ಹೇಳುವ ಈ ನೀರಿಗೆ ಕಾರಣ ಕಾಲಡಿಯಲ್ಲೇ ಇದೆ. ಬೆಟ್ಟದ ನೆತ್ತಿಯ ಮೇಲಿರುವುದು ತೂತುತೂತಾದ ಕೆಂಪು ಜಂಬಿಟ್ಟಿಗೆ ಕಲ್ಲು. ಬೀದರ್ ಕೋಟೆ ನಿಂತಿರುವುದೂ ಇದೇ ಜಾತಿಯ ಕಲ್ಲಿನ ಮೇಲೆ. ಮಳೆ ಬಿದ್ದರೆ ಈ ಕಲ್ಲು ನೀರನ್ನು ಹೀರಿಕೊಳ್ಳುತ್ತದೆ. ಅಡಿಯಲ್ಲಿ ಗಟ್ಟಿ ಕರಿಕಲ್ಲು ಸಿಕ್ಕಾಗ ನೀರು ಕೆಳಗಿಳಿಯಲಾರದೆ ಬದಿಗೆ ಸರಿದು ಬುಗ್ಗೆಯಾಗಿ ಜಿನುಗುತ್ತದೆ. ಮಳೆ ನಿಂತ ಮೇಲೂ ಕಾಡಿನ ಕೊರಕಲುಗಳಲ್ಲಿ ನೀರಾಡುವುದು ಇದರಿಂದಲೇ. ಬೀದರಿನಲ್ಲಿ ನೀರು ತರುವ ಹಳೆಯ ಕರೇಜ್ ಸುರಂಗ ತೋಡಿದವರು ನಂಬಿದ್ದೂ ಕಲ್ಲಿನ ಇದೇ ಗುಣವನ್ನು.

ಗುಡಿಯ ಬಳಿಯ ಒರತೆಯೊಂದನ್ನು ಮೂಸಿಯ ಹುಟ್ಟು ಎಂದು ತೋರಿಸುತ್ತಾರೆ. ಹೆಜ್ಜೆಯೊಂದರಲ್ಲಿ ದಾಟಬಹುದಾದ ಈ ಹರಿವು ಪೂರ್ವಕ್ಕೆ ಸಾಗಿ ಹೈದರಾಬಾದ್ ನಡುವೆ ಹಾಯುತ್ತದೆ. 1908ರ ಸೆಪ್ಟೆಂಬರ್ 28ರಂದು ಆ ನಗರವನ್ನು ಮುಳುಗಿಸಿ ಸಾವಿರಾರು ಜನರನ್ನು ಕೊಂದದ್ದು ಇದೇ ಮೂಸಿ. ಪರಿಹಾರ ಸೂಚಿಸಲು ನಿಜಾಮರು ಕರೆಸಿಕೊಂಡದ್ದು ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು. ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರ, ಅದರ ಉಪನದಿಗೆ 1927ರಲ್ಲಿ ಹಿಮಾಯತ್ ಸಾಗರ ಜಲಾಶಯ ಕಟ್ಟಿದ್ದು ಆ ಯೋಜನೆಯ ಫಲ.

ಹೈದರಾಬಾದಿನವರು ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ಕನ್ನಡಿಗರು ತಿಳಿಯಬೇಕಾದ ಅರ್ಧ ಕಥೆ ಬೆಟ್ಟದ ಇನ್ನೊಂದು ಮಗ್ಗುಲಲ್ಲಿದೆ. ಪಶ್ಚಿಮಕ್ಕೆ ಇಳಿಯುವ ಹಳ್ಳಗಳು ಕೂಡಿ ಕಾಗಿಣಾ ನದಿಯಾಗುತ್ತವೆ. ತಾಂಡೂರನ್ನು ಸವರಿಕೊಂಡು ಅದು ಕರ್ನಾಟಕಕ್ಕೆ ಬಂದು, ಸೇಡಂ ಸೀಮೆಯ ಮಳಖೇಡದ ಕೋಟೆಗೋಡೆಯ ಪಕ್ಕದಲ್ಲಿ ಹರಿದು ಭೀಮೆಯನ್ನು ಸೇರುತ್ತದೆ. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗ ಅಮೋಘವರ್ಷ ಆಳಿದ, ಕವಿರಾಜಮಾರ್ಗ ಹುಟ್ಟಿದ ರಾಜಧಾನಿ. ಕನ್ನಡದ ಮೊದಲ ಉಪಲಬ್ಧ ಗ್ರಂಥ ಹುಟ್ಟಿದ ನಾಡಿಗೆ ನೀರು ಕಳಿಸುತ್ತಿದ್ದ ಬೆಟ್ಟ ಇದು ಎಂಬ ಮಾತು ಇಲ್ಲಿನ ಪ್ರತಿಯೊಂದು ಪ್ರವಾಸಿ ಫಲಕದಲ್ಲೂ ಇರಬೇಕಾದದ್ದೇ. ಇಂದಿಗೂ ಬೆಟ್ಟದಲ್ಲಿ ಮಳೆ ಜಡಿದರೆ ಮಳಖೇಡದ ಉತ್ತರಾದಿ ಮಠಕ್ಕೆ ಕಾಗಿಣಾ ನೀರು ನುಗ್ಗುವುದುಂಟು.

ಬೆಟ್ಟವನ್ನು ಹೊರಗಿನ ಜನಕ್ಕೆ ಹತ್ತಿರ ಮಾಡಿದ್ದು ರೈಲು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ಮುಂದೆ ವಿಕಾರಾಬಾದಿನಿಂದ ಜಹೀರಾಬಾದ್, ಬೀದರ್ ಕಡೆಗೂ ಕವಲು ಹಳಿ ಬಿತ್ತು. ವಿಕಾರಾಬಾದಿಗೆ ಹೆಸರು ಕೊಟ್ಟವರು ಫಲಕ್‌ನುಮಾ ಅರಮನೆ ಕಟ್ಟಿಸಿದ ಪಾಯಗಾ ನವಾಬ ವಿಕಾರ್ ಉಲ್ ಉಮ್ರಾ.

ಆಮೇಲೆ ಬಂದವರು ರೋಗಿಗಳು. ನಿಜಾಮರ ಕಾಲದಲ್ಲಿ ಇಲ್ಲಿ ಕ್ಷಯರೋಗದ ಆಸ್ಪತ್ರೆ ಎದ್ದಿತು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬರುವವರೆಗೆ ಕ್ಷಯಕ್ಕೆ ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಯ ಊಟ ಬಿಟ್ಟರೆ ಹೆಚ್ಚಿನ ಮದ್ದಿರಲಿಲ್ಲ. ಇಂಗ್ಲೆಂಡಿನ ಕಡಲತೀರದ ಬ್ರೈಟನ್ ಕೂಡ ಮೊದಲು ರೋಗಿಗಳ ಊರು, ಮೋಜಿನ ಊರಾದದ್ದು ಆಮೇಲೆ. 1750ರ ಹೊತ್ತಿಗೆ ರಿಚರ್ಡ್ ರಸೆಲ್ ಎಂಬ ವೈದ್ಯರು ಸಮುದ್ರದ ನೀರೇ ಔಷಧ ಎಂದು ಬರೆದ ಮೇಲೆ ಅಲ್ಲಿಗೆ ಕಾಯಿಲೆಯವರು ಸಾಲುಗಟ್ಟಿದರು. ಅಲ್ಲಿ ಕಡಲು ಮಾಡಿದ ಕೆಲಸವನ್ನು ಇಲ್ಲಿ ಕಾಡಿನ ಗಾಳಿ ಮಾಡಿತು. ಉಸಿರಿಗಾಗಿ ತಿಂಗಳುಗಟ್ಟಲೆ ಇಲ್ಲಿ ಮಲಗಿದ್ದವರನ್ನು ನೆನೆಯದೆ ಅನಂತಗಿರಿಯ ಚರಿತ್ರೆ ಬರೆಯಲಾಗದು.

ಈಗ ವಾರಾಂತ್ಯಕ್ಕೆ ಹೈದರಾಬಾದಿನ ಕಾರುಗಳ ಸಾಲು. ಸರ್ಕಾರದ ಹರಿತಾ ವಸತಿ, ಸುತ್ತ ಖಾಸಗಿ ರೆಸಾರ್ಟುಗಳು, ಕೋಟಪಲ್ಲಿ ಕೆರೆಯಲ್ಲಿ ಹುಟ್ಟು ಹಾಕಿ ಸಾಗುವ ಪುಟ್ಟ ಕಯಾಕ್ ದೋಣಿಗಳು. ಸುಟ್ಟ ಮೆಕ್ಕೆಜೋಳದ ತೆನೆಗೆ ನಿಂಬೆಹೋಳಿನಿಂದ ಉಪ್ಪುಖಾರ ತಿಕ್ಕಿ ಕೊಟ್ಟದ್ದನ್ನು ಮಂಗನ ಕೈಗೆ ಸಿಗದಂತೆ ತಿನ್ನಬೇಕು. ದಸರೆಯ ಆಸುಪಾಸಿನಲ್ಲಿ ಬುಟ್ಟಿ ತುಂಬ ಸೀತಾಫಲ. ಕಣ್ಣು ಬಿಚ್ಚಿದ, ಮುಟ್ಟಿದರೆ ಮೆತ್ತಗಿರುವ ಹಣ್ಣನ್ನು ಅಂದೇ ತಿನ್ನಬೇಕು; ಊರಿಗೆ ಒಯ್ಯುವುದಾದರೆ ಗಟ್ಟಿಯದನ್ನೇ ಆರಿಸಿಕೊಳ್ಳಿ.

ಜನ ಬರುವುದಕ್ಕೆ ನನ್ನ ತಕರಾರಿಲ್ಲ. ಕಳವಳವಿರುವುದು ಕಾಡಿನ ಬಗ್ಗೆ. ಪಕ್ಕದ ದಾಮಗುಂಡಂ ಅರಣ್ಯದ ಸುಮಾರು 2,900 ಎಕರೆಯಲ್ಲಿ ನೌಕಾಪಡೆಯ ರೇಡಿಯೋ ಕೇಂದ್ರಕ್ಕೆ 2024ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆಯಾಯಿತು. ದೇಶದ ರಕ್ಷಣೆಗೆ ಅದು ಬೇಕು ಎಂಬ ವಾದವನ್ನು ಒಪ್ಪಬಹುದು. ಆದರೆ ಮರ ಉರುಳಿದಲ್ಲಿ ಮಳೆನೀರು ಇಂಗದೆ ಓಡಿಹೋಗುತ್ತದೆ. ಅದರ ಲೆಕ್ಕವನ್ನು ಹೈದರಾಬಾದಿನಷ್ಟೇ ಕಲಬುರಗಿಯೂ ಕೇಳಬೇಕು. ಕಾಗಿಣಾ ನೀರು ನಂಬಿದ ಹೊಲಗಳು ನಮ್ಮಲ್ಲೂ ಇವೆ.

ಹೋಗುವವರು ಆಗಸ್ಟ್‌ನಿಂದ ನವೆಂಬರ್ ಒಳಗೆ ಹೋಗಿ, ಸಾಧ್ಯವಾದರೆ ವಾರದ ನಡುವೆ. ಮರಳುವಾಗ ವಿಕಾರಾಬಾದಿನಲ್ಲಿ ವಾಡಿ ಕಡೆಯ ರೈಲು ಹತ್ತಿದರೆ ತಾಂಡೂರು, ಸೇಡಂ, ಮಳಖೇಡ ರೋಡ್ ಒಂದರ ಹಿಂದೊಂದು ಬರುತ್ತವೆ. ಪ್ಯಾಸೆಂಜರ್ ಗಾಡಿಯಾದರೆ ಮಳಖೇಡ ರೋಡಿನಲ್ಲೇ ಇಳಿದು, ಕೋಟೆಯನ್ನೂ ನದಿಯನ್ನೂ ನೋಡಿಕೊಂಡು ಕಲಬುರಗಿಗೆ ಬಸ್ ಹಿಡಿಯಬಹುದು.