ಎರಡು ವಾರದ ಸೇವೆ ಮತ್ತು ಮಕ್ಕಳ ಹಿತ

ವಿದೇಶದ ಚರ್ಚುಗಳ ಸದಸ್ಯರು ರಜೆಯಲ್ಲಿ ತಂಡ ಕಟ್ಟಿಕೊಂಡು ಭಾರತಕ್ಕೆ ಬಂದು, ಬಡಮಕ್ಕಳ ನಡುವೆ ಹತ್ತು ಹದಿನೈದು ದಿನ ಸೇವೆ ಸಲ್ಲಿಸಿ ಮರಳುವ ಪರಿಪಾಠವೊಂದಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಊರುಗಳಲ್ಲಿ ಇಂಥ ಭೇಟಿಗಳ ಮಾತು ಬಂದರೆ ಚರ್ಚೆ ಕೂಡಲೇ ಮತಾಂತರದತ್ತ ಹೊರಳುತ್ತದೆ. ಮಕ್ಕಳಿಗೆ ದಕ್ಕಿದ್ದೇನು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಹಾಸನಕ್ಕೆ ಮಿಷನರಿ ಸೇವೆ ಹೊಸತಲ್ಲ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1876-78ರ ಭೀಕರ ಕ್ಷಾಮದ ತರುವಾಯ, 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಆ ಕ್ಷಾಮದಲ್ಲಿ ತಬ್ಬಲಿಗಳಾದ ಹೆಣ್ಣುಮಕ್ಕಳಿಗಾಗಿ ವೆಸ್ಲಿಯನ್ ಮಿಷನ್ ಹಾಸನದಲ್ಲಿ ಅನಾಥಾಲಯ ತೆರೆಯಿತು. ಮುಂದೆ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯೂ ಬಂತು. ಅವರ ಧಾರ್ಮಿಕ ಉದ್ದೇಶವನ್ನು ಒಪ್ಪದಿರಬಹುದು. ಆದರೆ ಅವರು ಕನ್ನಡ ಕಲಿತರು, ವರ್ಷಗಟ್ಟಲೆ ಇಲ್ಲಿಯೇ ನೆಲೆಸಿದರು. ಎರಡು ವಾರದ ಯಾತ್ರೆಗೆ ಇವೆರಡೂ ಅಸಾಧ್ಯ.

ಅರ್ಥಶಾಸ್ತ್ರದ ಸರಳ ಲೆಕ್ಕವೊಂದನ್ನು ನೋಡೋಣ. ಹನ್ನೆರಡು ಜನರ ತಂಡದಲ್ಲಿ ತಲೆಗೆ ಒಂದು ಲಕ್ಷ ರೂಪಾಯಿ ವಿಮಾನ ವೆಚ್ಚವೆಂದು ಇಟ್ಟುಕೊಂಡರೆ ಒಟ್ಟು 12 ಲಕ್ಷ. ತಿಂಗಳಿಗೆ 20 ಸಾವಿರ ರೂಪಾಯಿ ವೇತನದಲ್ಲಿ ಸ್ಥಳೀಯ ಶಿಕ್ಷಕಿಯೊಬ್ಬರನ್ನು ಅದೇ ಹಣದಿಂದ ಐದು ವರ್ಷ ನೇಮಿಸಿಕೊಳ್ಳಬಹುದು. ಆಕೆಗೆ ಮಗುವಿನ ಭಾಷೆ ಗೊತ್ತು, ಮನೆಯ ಕಷ್ಟವೂ ಗೊತ್ತು. ನೇರವಾಗಿ ನೋಡಿದ್ದರಿಂದಲೇ ದಾನಿಗಳ ಮನಸ್ಸು ಕರಗುತ್ತದೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಕರಗಿದ ಮನಸ್ಸು ಮುಂದಿನ ವರ್ಷಗಳ ನೆರವಾಗಿ ಪರಿಣಮಿಸದಿದ್ದರೆ ಲಾಭವೆಲ್ಲ ಯಾತ್ರಿಕರದೇ. ಈ ಪ್ರಶ್ನೆಯನ್ನು ಕ್ರೈಸ್ತ ಚಿಂತಕರೇ ಎತ್ತಿದ್ದಾರೆ. ಅಮೆರಿಕದ ಸ್ಟೀವ್ ಕಾರ್ಬೆಟ್ ಮತ್ತು ಬ್ರಯಾನ್ ಫಿಕರ್ಟ್ 2009ರಲ್ಲಿ ಪ್ರಕಟಿಸಿದ ಪುಸ್ತಕದ ವಸ್ತುವೇ ಹಾನಿಕಾರಕವಾಗುವ ನೆರವು.

ಮಕ್ಕಳ ಮನಸ್ಸಿನ ಮಾತು ಇನ್ನೂ ಗಂಭೀರವಾದದ್ದು. ಹೆತ್ತವರಿಂದ ದೂರವಿರುವ ಮಗು ಬಂದವರನ್ನೆಲ್ಲ ಹಚ್ಚಿಕೊಳ್ಳುತ್ತದೆ. ಹದಿನೈದನೆಯ ದಿನ ಅವರನ್ನು ಕಳೆದುಕೊಳ್ಳುತ್ತದೆ. ಇದು ಮತ್ತೆ ಮತ್ತೆ ನಡೆದರೆ ಯಾರನ್ನೂ ನಂಬದಿರುವುದನ್ನೇ ಅದು ಕಲಿಯುತ್ತದೆ. ಅತಿಥಿಗಳಿಗಾಗಿ ಅನಾಥಾಲಯಗಳನ್ನು ತುಂಬಿಸುವ ಅಪಾಯದ ಬಗ್ಗೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2019ರಲ್ಲಿ ಕಳವಳ ವ್ಯಕ್ತಪಡಿಸಿತು. ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವೆಂದೇ ಹೇಳುತ್ತದೆ. ಇಂಥ ಸಂಸ್ಥೆಗಳ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ಪೋಷಣೆ, ರಕ್ಷಣೆ ಬೇಕಾದ ಮಕ್ಕಳ ಗುರುತನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವುದನ್ನು ನಿಷೇಧಿಸಿದೆ.

ಇದು ಒಂದು ಧರ್ಮದವರಿಗೆ ಮಾತ್ರ ಸಲ್ಲುವ ಮಾತಲ್ಲ. ಹುಟ್ಟುಹಬ್ಬದ ದಿನ ಕೇಕು ಹೊತ್ತು ಅನಾಥಾಲಯಕ್ಕೆ ಹೋಗಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ನಮ್ಮವರೂ ಇದೇ ತಕ್ಕಡಿಯಲ್ಲಿ ತೂಗಲ್ಪಡಬೇಕು.

ಹಾಗೆಂದು ಬರುವವರಿಗೆ ಬಾಗಿಲು ಮುಚ್ಚಬೇಕಾಗಿಲ್ಲ. ಕಣ್ಣಿನ ತಜ್ಞರೋ ದಂತವೈದ್ಯರೋ ಕಾನೂನುಬದ್ಧ ಅನುಮತಿ ಪಡೆದು, ಸ್ಥಳೀಯ ಆಸ್ಪತ್ರೆಯೊಡಗೂಡಿ ದುಡಿದರೆ ಪ್ರಯೋಜನ ಸ್ಪಷ್ಟ. ಉಳಿದವರು ಸ್ಥಳೀಯ ಶಿಕ್ಷಕರಿಗೆ, ದಾದಿಯರಿಗೆ ಬೆನ್ನೆಲುಬಾಗಲಿ. ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ಭೇಟಿಗೆ ಮುನ್ನ ಎರಡು ಪ್ರಶ್ನೆ ಕೇಳಲಿ: ಸಂಸ್ಥೆ ನೋಂದಾಯಿತವೇ? ಅತಿಥಿಗಳು ಹೊರಟ ಮೇಲೆ ಈ ಕೆಲಸವನ್ನು ಮುಂದುವರಿಸುವವರು ಯಾರು? ಎರಡನೆಯದಕ್ಕೆ ಉತ್ತರವಿಲ್ಲದ ಭೇಟಿಯನ್ನು ವಿನಯದಿಂದಲೇ ನಿರಾಕರಿಸುವುದು ಮಕ್ಕಳ ದೃಷ್ಟಿಯಿಂದ ಕ್ಷೇಮ.